ಬಿದ್ದ ದುಡ್ಡಿಗೂ ಪುಸ್ತಕ ಇಟ್ಟ ಹೋಟೆಲ್: ಉಡುಪಿಯ ಒಂದು ಸಣ್ಣ ತಿಂಡಿ ಜಾಗದ ರಿವ್ಯೂ

ಮೊದ್ಲೇ ಹೇಳ್ತೇನೆ, ಹೋಟೆಲಿನ ಹೆಸರು ಇದ್ರಲ್ಲಿ ಇಲ್ಲ. ಗಲ್ಲಾದಲ್ಲಿ ಕೂತವ್ರೇ ಹಾಕ್ಬೇಡಿ ಅಂದ್ರು, ಯಾಕೆ ಅಂತ ಅವ್ರು ಹೇಳಿದ್ಮೇಲೆ ನಂಗೂ ಸರಿ ಅಂತ ಕಂಡಿತು. ಹೆಸರಿಲ್ಲದ ರಿವ್ಯೂ ಎಂತಕ್ಕೆ ಮಾರಾಯ ಅಂತ ಕೇಳುವವ್ರಿಗೆ ಇಷ್ಟು ಗುರುತು ಕೊಡ್ತೇನೆ: ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿಂದ ರಥಬೀದಿಗೆ ನಡ್ಕೊಂಡು ಹೋಗುವಾಗ ಸಿಗುವ ಹಳೇ ವೆಜ್ ಹೋಟೆಲ್‌ಗಳಲ್ಲಿ ಒಂದು, ಮರದ ಬೆಂಚು, ಕಲ್ಲು ಹಾಸಿದ ಟೇಬಲ್, ಗೋಡೆಯಲ್ಲಿ ಕೃಷ್ಣನ ಫೋಟೋ, ಮೊದ್ಲು 'ಸಾಲ ಕೇಳಬೇಡಿ' ಬೋರ್ಡ್ ಇದ್ದ ಜಾಗದಲ್ಲಿ ಈಗ ಕ್ಯೂಆರ್ ಕೋಡ್. ಅಂಥದ್ದು ಹತ್ತಿಪ್ಪತ್ತು ಉಂಟಲ್ಲ ಅಂತೀರಿ, ಹೌದು, ಅದಕ್ಕೇ ಇಷ್ಟು ಹೇಳಿದ್ರೆ ಎಂತ ತೊಂದ್ರೆ ಇಲ್ಲ.

ತಿಂಡಿ ವಿಷಯ ಬೇಗ ಮುಗಿಸ್ತೇನೆ. ಬನ್ಸ್ ಒಳ್ಳೇದುಂಟು, ಬಾಳೆಹಣ್ಣು ಸರಿ ಕಳಿತದ್ದನ್ನೇ ಹಾಕ್ತಾರೆ ಅಂತ ಬಣ್ಣ ನೋಡಿದ್ರೆ ಗೊತ್ತಾಗ್ತದೆ, ಮುರಿದ್ರೆ ಜೀರಿಗೆ ಕಾಣ್ತದೆ, ಒತ್ತಿದ್ರೆ ಕೈಗೆ ಎಣ್ಣೆ ಹತ್ತುದಿಲ್ಲ. ಸಜ್ಜಿಗೆ-ಬಜಿಲ್ (ಉಪ್ಪಿಟ್ಟು-ಅವಲಕ್ಕಿ) ಬೆಳಿಗ್ಗೆ ಮಾತ್ರ, ಒಂಬತ್ತೂವರೆ ದಾಟಿ ಹೋದ್ರೆ ಪಾತ್ರೆಯ ತಳದ್ದು ಸಿಗುದು. ಗೋಳಿಬಜೆಗೆ ಸಂಜೆ ನಾಲ್ಕರ ಮೇಲೆ ಹೋಗ್ಬೇಕು, ಬಿಸಿ ಬಿಸಿ ಇದ್ರೆ ಭಾರೀ ಒಳ್ಳೇದು, ಆರಿದ್ರೆ ರಬ್ಬರ್, ಅದು ಎಲ್ಲ ಹೋಟೆಲಿನ ಗೋಳಿಬಜೆಯ ಹಣೆಬರಹ ಬಿಡಿ. ಚಟ್ನಿ ನೀರು ನೀರು. ಕಾಫಿಗೆ ಸಕ್ಕರೆ ಜಾಸ್ತಿ, ಮೊದ್ಲೇ ಕಮ್ಮಿ ಅಂತ ಹೇಳ್ಬೇಕು, ಹೇಳಿದ್ರೂ ಒಮ್ಮೊಮ್ಮೆ ಜಾಸ್ತಿಯೇ ಬರ್ತದೆ. ಕಷಾಯ ತಗೊಳ್ಳಿ, ಕೊತ್ತಂಬರಿ ಜೀರಿಗೆ ಸರಿಯಾಗಿ ಹುರಿದ ಪರಿಮಳ ಉಂಟು. ತಿಂಡಿಗೆ ಐದಕ್ಕೆ ಮೂರೂವರೆ. ಆದ್ರೆ ನಾನು ಇಷ್ಟುದ್ದ ಬರೀಲಿಕ್ಕೆ ಕೂತದ್ದು ತಿಂಡಿಗೆ ಅಲ್ಲ, ಗಲ್ಲಾಕ್ಕೆ.

ಆದದ್ದು ಇಷ್ಟು. ದೊಡ್ಡಮ್ಮನನ್ನು ಮಠಕ್ಕೆ ಕರ್ಕೊಂಡು ಹೋಗಿದ್ದೆ, ಕಾರು ಬಿಡ್ಲಿಕ್ಕೆ ಭಾವ ಬಂದಿದ್ದ, ದರ್ಶನ ಎಲ್ಲ ಆಗಿ ವಾಪಸ್ ಬರುವಾಗ ಇಲ್ಲಿ ಕೂತೆವು. ಗೋಡೆ ಬದಿಯ ಟೇಬಲ್. ಬೆಂಚಿಗೂ ಗೋಡೆಗೂ ನಡುವೆ ಒಂದು ಸಂದು ಉಂಟು, ಅಲ್ಲಿ ದೊಡ್ಡಮ್ಮನ ಕೊಡೆ ಜಾರಿ ಬಿತ್ತು, ಅದನ್ನು ಎಳೀಲಿಕ್ಕೆ ಕೈ ಹಾಕಿದ್ರೆ ಕೊಡೆ ಜೊತೆ ಒಂದು ಸಣ್ಣ ಪರ್ಸ್ ಬಂತು. ಬಂಗಾರದ ಅಂಗಡಿಯಲ್ಲಿ ಕಿವಿಯೋಲೆ ತಗೊಂಡ್ರೆ ಕೊಡ್ತಾರಲ್ಲ, ಆ ಝಿಪ್ಪಿನ ಮರೂನ್ ಪರ್ಸ್. ನಮ್ಮ ಕಡೆ ಒಂದೊಂದು ಮನೆಯ ಕಪಾಟಲ್ಲಿ ನಾಲ್ಕೈದು ಇರ್ತದೆ, ಸುಮಾರು ಹೆಂಗಸ್ರು ಅದನ್ನೇ ದುಡ್ಡಿನ ಪರ್ಸ್ ಮಾಡಿ ಇಟ್ಕೊಳ್ತಾರೆ. ಅಂಗಡಿಯ ಹೆಸರು ಉಜ್ಜಿ ಉಜ್ಜಿ ಅರ್ಧ ಅಕ್ಷರ ಉಳಿದಿತ್ತು. ಝಿಪ್ಪಿನ ತುದಿ ಮುರಿದದ್ದಕ್ಕೆ ಕೆಂಪು ನೂಲು ಕಟ್ಟಿದ್ರು. ಒಳಗೆ ಐನೂರರ ನೋಟುಗಳು, ಮಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದು, ಜೊತೆಗೆ ಯಾವುದೋ ಆಸ್ಪತ್ರೆಯ ಟೋಕನ್ ಚೀಟಿ, ಅದ್ರಲ್ಲಿ ನಂಬರ್ ಮಾತ್ರ, ಹೆಸರಿಲ್ಲ. ಒಟ್ಟು ಎಷ್ಟಿತ್ತು ಅಂತ ಹೇಳುದಿಲ್ಲ. ಸಣ್ಣ ಮೊತ್ತ ಅಲ್ಲ, ಯಾರದ್ದೋ ಒಂದು ತಿಂಗಳ ಮದ್ದಿನ ಖರ್ಚು ಅಂತ ಇಟ್ಕೊಳ್ಳಿ.

ದುಡ್ಡು ಕಂಡ ಕೂಡ್ಲೆ ಮನುಷ್ಯ ಮೊದ್ಲು ಮಾಡುದು ಎಂತ ಗೊತ್ತುಂಟಾ, ಸುತ್ತ ನೋಡುದು. ಕೊಡ್ಲಿಕ್ಕೆ ನೋಡುದಾ ಇಟ್ಕೊಳ್ಳಿಕ್ಕೆ ನೋಡುದಾ ಅಂತ ಅವ್ನಿಗೇ ಗೊತ್ತಿರುದಿಲ್ಲ. ನಾನೂ ನೋಡಿದೆ. ಸಪ್ಲಾಯರ್ ಆ ಕಡೆ ಟೇಬಲಲ್ಲಿ ಆರ್ಡರ್ ತಗೊಳ್ತಾ ಇದ್ದ, ಕ್ಲೀನರ್ ಹುಡುಗ ಲೋಟ ಎತ್ತುತ್ತಾ ಇದ್ದ, ಯಾರೂ ಹುಡುಕ್ತಾ ಇರ್ಲಿಲ್ಲ.

ಭಾವ ಹೇಳಿದ, ಇಲ್ಲಿ ಕೊಟ್ರೆ ಇವ್ರೇ ನುಂಗ್ತಾರೆ, ಸ್ಟೇಷನ್ನಿಗೆ ಕೊಂಡೋದ್ರೆ ನಿಂಗೆ ಪೊಕ್ಕಡೆ ಮಂಡೆ ಬಿಸಿ, ಸುಮ್ನೆ ಇದ್ದಲ್ಲೇ ಇಟ್ಟು ಬಾ. ದೊಡ್ಡಮ್ಮ ಹೇಳಿದ್ರು, "ಬೇರೆಯವ್ರ ದುಡ್ಡು ಮನೆಗೆ ಬರುದು ಬೇಡ ಮಗ, ಮಠ ಇಲ್ಲೇ ಉಂಟಲ್ಲ, ಹುಂಡಿಗೆ ಹಾಕಿ ಬಿಡು, ಪಾಪ ಸುತ್ತಿಕೊಳ್ಳುದಿಲ್ಲ."

ಈ ಹುಂಡಿಯ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ರೆಡಿ ಇರ್ತದೆ, ಕೇಳ್ಲಿಕ್ಕೆ ಚೆಂದವೂ ಉಂಟು, ಆದ್ರೆ ನಂಗೆ ಯಾವತ್ತೂ ಒಪ್ಪಿಗೆ ಆಗ್ಲಿಲ್ಲ. ದುಡ್ಡು ನಮ್ಮದಲ್ಲದ ಮೇಲೆ ದಾನ ಹೇಗೆ ನಮ್ಮದಾಗ್ತದೆ? ಕಳ್ಕೊಂಡವ್ರು ಸಂಜೆ ಹುಡುಕಿಕೊಂಡು ಬಂದ್ರೆ ಹೋಟೆಲಿಗೆ ಬರ್ತಾರೆ, ಹುಂಡಿ ಎದುರು ನಿಂತು ನಂದು ಇದ್ರೊಳಗೆ ಉಂಟು ತೆಗ್ದು ಕೊಡಿ ಅಂತ ಕೇಳ್ಲಿಕ್ಕೆ ಆಗ್ತದಾ. ಹುಂಡಿಗೆ ಹಾಕಿದ್ರೆ ನಮ್ಮ ಮನಸ್ಸಿಗೆ ಸಮಾಧಾನ ಆಗ್ತದೆ, ಅವ್ರ ದುಡ್ಡು ಹೋದದ್ದು ಹೋಯ್ತು. ನಾನು ದೊಡ್ಡಮ್ಮನಿಗೆ ಇಷ್ಟೆಲ್ಲ ಹೇಳ್ಲಿಲ್ಲ, ಒಂದೇ ಕೇಳಿದೆ, "ಇದನ್ನು ಕಳ್ಕೊಂಡವ್ರು ಈಗ ಕೊರಗಜ್ಜನಿಗೆ ಹರಕೆ ಹೇಳಿದ್ರೆ?" ಅಷ್ಟೇ, ಮಾತು ನಿಂತಿತು. ಘಟ್ಟದ ಮೇಲಿನವ್ರಿಗೆ ಗೊತ್ತಿರ್ಲಿಕ್ಕಿಲ್ಲ, ಕೊರಗಜ್ಜ ನಮ್ಮ ಕಡೆಯ ದೈವ, ತುಳುನಾಡಲ್ಲಿ ಎಂತ ಕಳೆದ್ರೂ, ದನ ಆಗ್ಲಿ ಬೈಕಿನ ಕೀ ಆಗ್ಲಿ ಮೊಬೈಲ್ ಆಗ್ಲಿ, ಮೊದ್ಲು ಅಜ್ಜನಿಗೆ ಚಕ್ಕುಲಿ ವೀಳ್ಯ ಕೊಡ್ತೇನೆ ಅಂತ ಹೇಳಿಕೊಳ್ಳುದು, ಕೆಲವ್ರು ಕಳ್ಳನ್ನೂ ಸೇರಿಸ್ತಾರೆ. ಮಂಗಳೂರು ಹತ್ರ ಕುತ್ತಾರಿನಲ್ಲಿರುವ ಅಜ್ಜನ ಕಟ್ಟೆಗೆ ಹೋಗಿ ನೋಡಿದ್ರೆ ಗೊತ್ತಾಗ್ತದೆ ಎಷ್ಟು ಜನ ಕಳ್ಕೊಂಡು ಸಿಕ್ಕಿದವ್ರು ಇದ್ದಾರೆ ಅಂತ. ಅಂಥ ದುಡ್ಡನ್ನು ಅಜ್ಜನ ಕಣ್ಣು ತಪ್ಪಿಸಿ ಬೇರೆ ಕಡೆ ಹಾಕ್ಲಿಕ್ಕೆ ದೊಡ್ಡಮ್ಮನಿಗೆ ಧೈರ್ಯ ಉಂಟಾ? ಮಂಗಳೂರಲ್ಲಿ ನನ್ನ ಆಫೀಸಿನ ಒಬ್ರು ಇದನ್ನೇ ಕೇಳಿ, ನಮ್ಮದು ಸಂತ ಅಂತೋನಿ ಡಿಪಾರ್ಟ್‌ಮೆಂಟ್, ಕಳೆದದ್ದಕ್ಕೆ ನಾವು ಅವ್ರನ್ನೇ ಕರೆಯುದು, ಅಲ್ಲಿ ಚಕ್ಕುಲಿ ಬದ್ಲು ಕ್ಯಾಂಡಲ್ ಅಂತ ನಗಾಡಿದ್ರು. ಒಟ್ಟಿನಲ್ಲಿ ಈ ಊರಲ್ಲಿ ಬಿದ್ದ ದುಡ್ಡು ಕಿಸೆಗೆ ಹಾಕುವವ್ನು ಯಾವ ಜಾತಿಯವ್ನಾದ್ರೂ ಮೇಲಿನವ್ರ ಹತ್ರ ಜವಾಬು ಕೊಡ್ಲಿಕ್ಕುಂಟು.

ಸರಿ, ಗಲ್ಲಾಕ್ಕೆ ಹೋದೆ. ಅಲ್ಲಿ ಕೂತವ್ರನ್ನು ಎಲ್ಲರೂ ಭಟ್ರು ಅಂತ ಕರೀತಾರೆ, ನಾನೂ ಹಾಗೇ ಕರೆದೆ. ನಾನು ಬಗ್ಗಿ ಮೆಲ್ಲ ಹೇಳಿದೆ, ಅವ್ರು ಪರ್ಸನ್ನು ಮುಟ್ಲೇ ಇಲ್ಲ. ಮೊದ್ಲು ಬೆಲ್ಲಿಗೆ ಕೈ ಹಾಕಿ ಸಪ್ಲಾಯರನ್ನು ಕರೆದ್ರು. ಅವ್ನು ಬಂದು ನಿಂತ ಮೇಲೆ ನನ್ನ ಹತ್ರ, "ನೀವೇ ತೆಗೀರಿ, ನೀವೇ ಎಣಿಸಿ, ಬಾಯಲ್ಲಿ ಹೇಳುದು ಬೇಡ" ಅಂದ್ರು. ನಾನು ಎಣಿಸಿದೆ, ಸಪ್ಲಾಯರ್ ಎಣಿಸಿದ, ಭಟ್ರು ನೋಡ್ತಾ ಇದ್ರು. ಆಮೇಲೆ ಒಂದು ಕಂದು ಕವರ್, ಪರ್ಸ್ ಇದ್ದ ಹಾಗೇ ಅದ್ರೊಳಗೆ, ಅಂಟು ಹಾಕಿ ಅಂಟಿನ ಮೇಲೆ ಅಡ್ಡಕ್ಕೆ ನನ್ನ ಸೈನು, ಸಪ್ಲಾಯರನ ಸೈನು. ಕವರಿನ ಹೊರಗೆ ಬರೆದದ್ದು ತಾರೀಕು, ಗಂಟೆ, ಟೇಬಲ್ ನಂಬರ್, ಅಷ್ಟೇ. ಮೊತ್ತ ಹೊರಗೆ ಇಲ್ಲ, ಅದು ಪುಸ್ತಕದಲ್ಲಿ.

ಆ ಪುಸ್ತಕ ನೋಡ್ಬೇಕು ನೀವು. ಹಾಲಿನ ಲೆಕ್ಕ ಬರೆಯುವಂಥ ಉದ್ದ ಪುಸ್ತಕ, ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾರೆ: ತಾರೀಕು, ಟೇಬಲ್, ಎಂತ, ಸಿಕ್ಕಿದ್ದು ಯಾರಿಗೆ, ಕೊಂಡೋದವ್ರು, ಸೈನು. ಜೂನ್ ಜುಲೈ ಪುಟ ಪೂರ್ತಿ ಕೊಡೆ, ಕಪ್ಪು ಕೊಡೆ, ಕಪ್ಪು ಕೊಡೆ, ಕಪ್ಪು ಕೊಡೆ ಹಿಡಿ ಮುರಿದದ್ದು, ಹೂವಿನ ಕೊಡೆ. ನಡುವೆ ಕನ್ನಡಕ, ಹೆಲ್ಮೆಟ್, ಮಗುವಿನ ಒಂದೇ ಚಪ್ಪಲಿ, ಸ್ಟೀಲ್ ಡಬ್ಬಿ, ಒಂದು ಕಡೆ 'ಹಲ್ಲಿನ ಸೆಟ್ (ಕೆಳಗಿನದ್ದು)' ಅಂತ ಬರೆದಿತ್ತು, ಅದನ್ನು ಕೊಂಡೋದವ್ರ ಸೈನೂ ಉಂಟು. ದುಡ್ಡು ಇರುವ ಸಾಲಿನಲ್ಲಿ ಮಾತ್ರ ಮೊತ್ತದ ಜಾಗಕ್ಕೆ ಒಂದು ಸಣ್ಣ ಚೀಟಿ ಅಂಟಿಸಿ ಮುಚ್ಚಿದ್ದಾರೆ, ಗಲ್ಲಾ ಎದುರು ನಿಂತು ತಲೆಕೆಳಗಾಗಿ ಓದುವವ್ರಿಗೆ ಕಾಣ್ಬಾರ್ದು ಅಂತ. ನಾನು ಬ್ಯಾಂಕಲ್ಲೂ ಇಷ್ಟು ಜಾಗ್ರತೆ ನೋಡ್ಲಿಲ್ಲ.

ಬೋರ್ಡಲ್ಲಿ ಹಾಕುದಿಲ್ವಾ ಭಟ್ರೆ ಅಂತ ಕೇಳಿದೆ. ಹಾಕ್ತೇವೆ, ಆದ್ರೆ 'ಒಂದು ವಸ್ತು ಸಿಕ್ಕಿದೆ, ಗುರುತು ಹೇಳಿ ತೆಗೆದುಕೊಂಡು ಹೋಗಿ' ಅಂತ ಮಾತ್ರ, ದುಡ್ಡು ಅಂತ ಬರೀಲಿಕ್ಕಿಲ್ಲ, ಪರ್ಸ್ ಅಂತಲೂ ಬರೀಲಿಕ್ಕಿಲ್ಲ ಅಂದ್ರು. ದುಡ್ಡು ಅಂತ ಬರೆದ್ರೆ ದುಡ್ಡು ಕಳೆದವ್ರು ಒಬ್ರು, ಎಂತದ್ದೂ ಕಳ್ಕೊಳ್ಳದವ್ರು ನಾಲ್ಕು ಜನ ಬರ್ತಾರಂತೆ. ಬಂದವ್ರ ಹತ್ರ ಕೇಳುದು ಕೂಡ ಇವ್ರದ್ದೇ ಒಂದು ಕ್ರಮ. ಎಷ್ಟಿತ್ತು ಅಂತ ಮೊದ್ಲು ಕೇಳುದಿಲ್ಲ, ಯಾಕಂದ್ರೆ ನಿಜವಾಗಿ ಕಳ್ಕೊಂಡವ್ರಿಗೇ ಎಷ್ಟಿತ್ತು ಅಂತ ಸರಿ ಗೊತ್ತಿರುದಿಲ್ಲ, ಗಾಬರಿಯಲ್ಲಿ ಹೆಚ್ಚು ಕಮ್ಮಿ ಹೇಳ್ತಾರೆ. ಯಾವುದ್ರಲ್ಲಿ ಇಟ್ಟಿದ್ರಿ, ಜೊತೆಗೆ ಎಂತ ಇತ್ತು, ಎಲ್ಲಿ ಕೂತಿದ್ರಿ, ಎಂತ ತಿಂದ್ರಿ. ತಿಂದದ್ದು ಯಾರೂ ಮರೆಯುದಿಲ್ಲವಂತೆ. ಸುಳ್ಳು ಹೇಳುವವ್ರು ಮೊತ್ತ ಮಾತ್ರ ಗಟ್ಟಿ ಹೇಳ್ತಾರಂತೆ, ಎರಡು ಸಾವಿರ, ಐದು ಸಾವಿರ, ಎಲ್ಲ ರೌಂಡ್ ಫಿಗರ್.

ಹೆಸರು ಹಾಕ್ಬೇಡಿ ಅಂದದ್ದೂ ಇದಕ್ಕೇ. "ನೀವು ಒಳ್ಳೇದಕ್ಕೇ ಬರೀತೀರಿ ಮಾರಾಯ್ರೆ, ಆದ್ರೆ ನಾಳೆಯಿಂದ ನನ್ನ ಗಲ್ಲಾ ಎದುರು ಬನ್ಸಿಗೆ ಲೈನ್ ಇರುದಿಲ್ಲ, ನಂದೊಂದು ಐನೂರು ಬಿದ್ದಿತ್ತು ಅಂತ ಹೇಳುವವ್ರ ಲೈನ್ ಇರ್ತದೆ." ಇದಕ್ಕೆ ನಾನು ಎಂತ ಹೇಳುದು.

ಈಗಿನ ಕಾಲದ ಬಿದ್ದ ದುಡ್ಡು ನೆಲದಲ್ಲಿ ಮಾತ್ರ ಸಿಗುದಲ್ಲ, ಅದನ್ನೂ ಕೇಳಿದೆ. ಎಂಬತ್ತೈದು ಹಾಕುವಲ್ಲಿ ಎಂಟುನೂರೈವತ್ತು ಹಾಕಿ ಸ್ಕ್ಯಾನ್ ಮಾಡಿ ಹೋಗುವವ್ರು ಇದ್ದಾರಂತೆ, ಸೌಂಡ್ ಬಾಕ್ಸ್ ಬೊಬ್ಬೆ ಹಾಕಿದ್ರೂ ರಶ್ಶಿನಲ್ಲಿ ಯಾರಿಗೆ ಕೇಳ್ತದೆ. ಅದಕ್ಕೂ ಪುಸ್ತಕದ ಹಿಂದಿನಿಂದ ಬೇರೆ ಪುಟ. ಯಾರಾದ್ರೂ ಫೋನ್ ಮಾಡಿ ಜಾಸ್ತಿ ಬಂದಿದೆ ವಾಪಸ್ ಹಾಕಿ ಅಂದ್ರೆ ಅವ್ರು ತೋರಿಸುವ ಮೆಸೇಜ್ ನೋಡುದಿಲ್ಲ, ತಮ್ಮ ಅಕೌಂಟಿಗೆ ನಿಜವಾಗಿ ಬಂದಿದೆಯಾ ನೋಡಿ, ಬಂದ ಅಕೌಂಟಿಗೇ ವಾಪಸ್. ಈ ಸುಳ್ಳು ಮೆಸೇಜ್ ಕಳಿಸಿ 'ತಪ್ಪಿ ಹಾಕಿದೆ ಅಣ್ಣ' ಅಂತ ಅಳುವ ಕಳ್ಳರ ಕಾಟ ನಿಮ್ಗೂ ಗೊತ್ತಿರ್ಬಹುದು, ನಮ್ಮ ಬಿಲ್ಡಿಂಗಿನಲ್ಲೇ ಒಬ್ರು ಹಾಗೆ ದುಡ್ಡು ಕಳಿಸಿ ಕೈ ಸುಟ್ಟುಕೊಂಡಿದ್ದಾರೆ. ಬ್ಯಾಂಕೇ ತಪ್ಪಿ ನಮ್ಮ ಅಕೌಂಟಿಗೆ ಹಾಕಿದ್ರೂ ಅದು ನಮ್ಮದಾಗುದಿಲ್ಲ, ಖರ್ಚು ಮಾಡಿದ್ರೆ ವಾಪಸ್ ಕಟ್ಲಿಕ್ಕೇ ಉಂಟು.

ಇನ್ನು ಭಾವನ 'ಇದ್ದಲ್ಲೇ ಇಟ್ಟು ಬಾ' ಮಾತಿಗೆ ಬರ್ತೇನೆ. ಮುಟ್ಟದೆ ಬಿಟ್ರೆ ಕಾನೂನು ಎಂತ ಮಾಡುದಿಲ್ಲ, ಆದ್ರೆ ಮುಂದೆ ಆ ಬೆಂಚಲ್ಲಿ ಕೂರುವವ್ನು ಯಾರು ಅಂತ ನಮ್ಗೆ ಗೊತ್ತಾ. ಕೈಗೆತ್ತಿಕೊಂಡ ಮೇಲೆ ಮಾತ್ರ ಕಥೆ ಬೇರೆ. ನಾನು ವಕೀಲ ಅಲ್ಲ, ಮನೆಗೆ ಬಂದು ಓದಿದ್ದು. ಮೊದ್ಲು ಐಪಿಸಿ 403 ಇತ್ತು, 2024 ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್. ಬೇರೆಯವ್ರ ಸೊತ್ತನ್ನು ಅಪ್ರಾಮಾಣಿಕವಾಗಿ ತನ್ನದು ಮಾಡ್ಕೊಂಡ್ರೆ ಈಗ ಕಮ್ಮಿ ಅಂದ್ರೆ 6 ತಿಂಗಳು, ಜಾಸ್ತಿ ಅಂದ್ರೆ 2 ವರ್ಷ ಜೈಲು, ಮೇಲಿಂದ ದಂಡ. ಹಳೇ ಸೆಕ್ಷನ್ನಲ್ಲಿ ಈ ಕನಿಷ್ಠ 6 ತಿಂಗಳು ಅಂತ ಇರ್ಲಿಲ್ಲ. ಆದ್ರೆ ಕಾನೂನು ಬರೆದವ್ರು ಮನುಷ್ಯರನ್ನು ನೋಡಿದವ್ರೇ, ಸೆಕ್ಷನ್ ಕೆಳಗೆ ಸಣ್ಣ ಸಣ್ಣ ಕಥೆ ಹಾಗೆ ಉದಾಹರಣೆ ಕೊಟ್ಟಿದ್ದಾರೆ. ಹೆದ್ದಾರಿಯಲ್ಲಿ ಒಂದು ರೂಪಾಯಿ ಸಿಕ್ತು, ಯಾರದ್ದಂತ ಗೊತ್ತಿಲ್ಲ, ಹೆಕ್ಕಿದ, ಅಪರಾಧ ಅಲ್ಲ. ದಾರಿಯಲ್ಲಿ ಒಂದು ಕಾಗದ ಸಿಕ್ತು, ಒಳಗೆ ನೋಟು ಉಂಟು, ವಿಳಾಸ ನೋಡಿ ಯಾರದ್ದಂತ ಗೊತ್ತಾಯ್ತು, ಆದ್ರೂ ಇಟ್ಕೊಂಡ, ಅಪರಾಧ. ಯಜಮಾನನನ್ನು ಹುಡುಕ್ಲಿಕ್ಕೆ ನ್ಯಾಯವಾಗಿ ಎಷ್ಟು ಪ್ರಯತ್ನ ಮಾಡ್ಬೇಕೋ ಅಷ್ಟು ಮಾಡಿದ್ಯಾ, ನ್ಯಾಯವಾದಷ್ಟು ಸಮಯ ಇಟ್ಟು ಕಾದಿದ್ಯಾ ಅಂತ ಅದು ಕೇಳುದು. ಎಷ್ಟು ದಿನ ಅಂತ ಲೆಕ್ಕ ಕೊಟ್ಟಿಲ್ಲ, ಸಂದರ್ಭ ನೋಡಿ ಅಂತ ಬಿಟ್ಟಿದ್ದಾರೆ. ಹಾಗೆ ನೋಡಿದ್ರೆ ನಮ್ಗೆ ಸಿಕ್ಕಿದ ಆಸ್ಪತ್ರೆ ಟೋಕನ್ ಆ ಕಾಗದದ ವಿಳಾಸದ ತಮ್ಮನೇ, ಹೆಸರು ಇಲ್ಲದಿದ್ರೂ ಹುಡುಕ್ಲಿಕ್ಕೆ ಒಂದು ದಾರಿ, ಅದು ಕೈಯಲ್ಲಿದ್ದು ಗೊತ್ತಾಗ್ಲಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ.

1872ರ ಕಾಂಟ್ರಾಕ್ಟ್ ಆಕ್ಟ್ ಇನ್ನೊಂದು ಹೇಳ್ತದೆ, ಅದ್ರ 71ನೇ ಸೆಕ್ಷನ್. ಸಿಕ್ಕಿದ ವಸ್ತುವನ್ನು ಕೈಗೆ ತಗೊಂಡವ್ನು ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವ್ನ ಹಾಗೆ, ತನ್ನದೇ ವಸ್ತುವಿನಷ್ಟು ಜಾಗ್ರತೆಯಲ್ಲಿ ನೋಡ್ಕೊಳ್ಬೇಕು. ಅದಕ್ಕೆ ಬದ್ಲು ಅವ್ನಿಗೂ ಸ್ವಲ್ಪ ಹಕ್ಕು ಕೊಟ್ಟಿದ್ದಾರೆ, ಯಜಮಾನ ಇಷ್ಟು ಇನಾಮು ಅಂತ ಸಾರಿದ್ರೆ ಅದನ್ನು ಕೇಳಿ ಪಡೆಯುವ ಹಕ್ಕು 168ರಲ್ಲಿ ಉಂಟು. ಭಾವನಿಗೆ ಇದು ಹೇಳಿದ್ದಕ್ಕೆ ಮಾತ್ರ ಅವ್ನು ಸ್ವಲ್ಪ ಕಿವಿ ಕೊಟ್ಟ.

ಈಗ ನಂಗೆ ಸಮಾಧಾನ ಆಗದ್ದನ್ನು ಹೇಳ್ತೇನೆ, ಬರೀ ಹೊಗಳಿದ್ರೆ ರಿವ್ಯೂ ಅಲ್ಲ. ಕವರಿಗೆ ಸೈನು ಹಾಕಿಸ್ಕೊಂಡ್ರು, ಪುಸ್ತಕದಲ್ಲಿ ಬರೆದ್ರು, ಎಲ್ಲ ಸರಿ, ಕೊಟ್ಟವ್ನ ಕೈಗೆ ಎಂತ ಉಂಟು? ಎಂತ ಇಲ್ಲ. ನಾಳೆ ಭಟ್ರು ಊರಿಗೆ ಹೋಗಿ ಬೇರೆಯವ್ರು ಗಲ್ಲಾದಲ್ಲಿ ಕೂತ್ರೆ ನಾನು ಕೊಟ್ಟದ್ದಕ್ಕೆ ಆಧಾರ ಎಂತ. ಒಂದು ಚೀಟಿ ಕೊಡಿ ಅಂತ ಕೇಳಿದ್ದಕ್ಕೆ ಭಟ್ರ ಮುಖ ಸ್ವಲ್ಪ ಸಣ್ಣ ಆಯ್ತು, ನಂಬಿಕೆ ಇಲ್ವಾ ಅಂತ ಬಾಯಿಬಿಟ್ಟು ಕೇಳ್ಲಿಲ್ಲ ಅಷ್ಟೇ, ಆಮೇಲೆ ನಮ್ಮದೇ ಬಿಲ್ಲಿನ ಹಿಂದೆ 'ಒಂದು ಪರ್ಸ್ ಪಡೆದಿದೆ' ಅಂತ ಬರೆದು ಸೀಲ್ ಹೊಡೆದು ಕೊಟ್ರು. ಕೇಳ್ಬೇಕು, ಸಂಕೋಚ ಮಾಡ್ಲಿಕ್ಕಿಲ್ಲ. ಇಂಗ್ಲೆಂಡಲ್ಲಿ 1851ರಲ್ಲೇ ಇದ್ರ ಮೇಲೆ ಕೋರ್ಟಿಗೆ ಹೋಗಿದ್ದಾರೆ. ಬ್ರಿಡ್ಜಸ್ ಅಂತ ಒಬ್ಬ ಊರೂರು ತಿರುಗುವ ಸೇಲ್ಸಿನವ್ನಿಗೆ ಹಾಕ್ಸ್‌ವರ್ತ್ ಅನ್ನುವವ್ನ ಅಂಗಡಿಯ ನೆಲದಲ್ಲಿ ನೋಟಿನ ಕಟ್ಟು ಸಿಕ್ತು, ಯಜಮಾನ ಬಂದ್ರೆ ಕೊಡಿ ಅಂತ ಅಂಗಡಿಯವ್ನ ಕೈಗೇ ಕೊಟ್ಟ, ಪೇಪರಲ್ಲೂ ಹಾಕಿದ್ರು, ವರ್ಷಗಟ್ಟಲೆ ಕಾದ್ರೂ ಯಾರೂ ಬರ್ಲಿಲ್ಲ. ಇವ್ನು ಹಾಗಾದ್ರೆ ನಂಗೆ ವಾಪಸ್ ಕೊಡು ಅಂದ, ಅವ್ನು ನನ್ನ ಅಂಗಡಿಯಲ್ಲಿ ಸಿಕ್ಕಿದ್ದು ನಂದೇ ಅಂದ. ಕೋರ್ಟು ಸಿಕ್ಕಿದವ್ನ ಪರ ಹೇಳಿತು, ಯಜಮಾನನನ್ನು ಬಿಟ್ರೆ ಅಂಗಡಿಯವ್ನಿಗಿಂತ ಹೆಕ್ಕಿದವ್ನ ಹಕ್ಕೇ ಮೇಲೆ ಅಂತ. ನಮ್ಮ ಕೋರ್ಟಿಗೆ ಅದು ಕಟ್ಟುಪಾಡು ಅಂತ ಹೇಳ್ತಾ ಇಲ್ಲ, ಆದ್ರೆ ಅಂಗಡಿಯವ್ರು ನಮ್ಮ ನೆಲ ನಮ್ಮ ದುಡ್ಡು ಅಂತ ತಿಳ್ಕೊಳ್ಳುದು ಇವತ್ತು ನಿನ್ನೆಯ ಕಥೆ ಅಲ್ಲ ಅಂತ ಗೊತ್ತಾಗ್ಲಿ.

ಎರಡನೇ ತಕರಾರು ಇದಕ್ಕಿಂತ ದೊಡ್ಡದು. ಯಾರೂ ಬಾರದ ಸಣ್ಣ ಮೊತ್ತ, ಹತ್ತು ಇಪ್ಪತ್ತು ನೂರು, ಅದನ್ನು ವರ್ಷಕ್ಕೊಮ್ಮೆ ಒಟ್ಟು ಮಾಡಿ ಅನ್ನದಾನಕ್ಕೆ ಕೊಡ್ತಾರಂತೆ. ಭಟ್ರು ಇದನ್ನು ಖುಷಿಯಲ್ಲೇ ಹೇಳಿದ್ರು. ನಂಗೆ ಅಲ್ಲಿಯೂ ಆ ಹುಂಡಿಯೇ ಕಂಡದ್ದು. ನೂರು ಇನ್ನೂರಾದ್ರೆ ಬಿಡಿ, ದೊಡ್ಡ ಮೊತ್ತಕ್ಕೆ ಎಂತ ಮಾಡ್ತೀರಿ ಅಂತ ಬಿಡದೆ ಕೇಳಿದೆ. ದೊಡ್ಡದಾದ್ರೆ ಅವತ್ತೇ ಸ್ಟೇಷನ್ನಿಗೆ ಫೋನ್ ಮಾಡಿ ತಿಳಿಸಿ ಇಡುದು, ಒಂದೆರಡು ದಿನದಲ್ಲಿ ಯಾರೂ ಬಾರದಿದ್ರೆ ಕೊಂಡೋಗಿ ಕೊಟ್ಟು ರಶೀದಿ ತರುದು ಅಂದ್ರು. ದೊಡ್ಡದು ಅಂದ್ರೆ ಎಷ್ಟು ಅಂತ ಗೆರೆ ಮಾತ್ರ ಹೇಳ್ಲಿಲ್ಲ, ನಮ್ಮ ಪರ್ಸ್ ಆ ಗೆರೆಯ ಆ ಕಡೆ ಅಂತ ಮಾತ್ರ ಅಂದ್ರು. ಸ್ಟೇಷನ್ನಿಗೆ ಕೊಟ್ರೆ ಮಂಡೆ ಬಿಸಿ ಅಂತ ಹೆದರುವವ್ರಿಗೆ ಇಷ್ಟು ಗೊತ್ತಿರ್ಲಿ, ಯಜಮಾನ ಯಾರಂತ ಗೊತ್ತಿಲ್ಲದ ಸೊತ್ತು ಪೊಲೀಸರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಹೋದ್ರೆ 6 ತಿಂಗಳ ಒಳಗೆ ಬಂದು ಹಕ್ಕು ತೋರಿಸಿ ಅಂತ ಪ್ರಕಟಣೆ ಹೊರಡಿಸುವ ಕ್ರಮ ಉಂಟು. ಅನ್ನದಾನದ ಡಬ್ಬಿಗೆ ಬಿದ್ದದ್ದಕ್ಕೆ ಆ ಅವಕಾಶ ಇಲ್ಲ.

ಇವ್ರನ್ನು ಬೇರೆಯವ್ರ ಜೊತೆ ಹೋಲಿಸಿದ್ರೆ ಬೆಲೆ ಗೊತ್ತಾಗುದು. ಮಂಗಳೂರಲ್ಲಿ ಒಂದು ಎಸಿ ಹಾಕಿದ ತಿಂಡಿ ಜಾಗದಲ್ಲಿ, ಹೆಸರು ಬೇಡ, ಕೌಂಟರ್ ಕೆಳಗೆ ಬಿದ್ದಿದ್ದ ಐನೂರು ಕೊಟ್ಟೆ, ಕೂತ ಹುಡುಗ ಥ್ಯಾಂಕ್ಯೂ ಸರ್ ಅಂತ ಹೇಳಿ ಸೀದಾ ಡ್ರಾವರಿಗೆ ಹಾಕಿ ಮುಂದಿನವ್ರ ಬಿಲ್ಲು ಹೊಡೆದ. ಅದು ಯಾರದ್ದು, ಯಾರು ಬಂದ್ರೆ ಹೇಗೆ ಕೊಡುದು, ಎಂತ ಇಲ್ಲ, ಸಂಜೆ ಕ್ಯಾಶ್ ಟ್ಯಾಲಿ ಮಾಡುವಾಗ ಐನೂರು ಜಾಸ್ತಿ ಬಂದ್ರೆ ಅವ್ನಿಗೇ ತಲೆನೋವು. ಹುಡುಗ ಕಳ್ಳ ಅಂತ ಅಲ್ಲ, ಎಂತ ಮಾಡ್ಬೇಕು ಅಂತ ಅವ್ನಿಗೆ ಯಾರೂ ಹೇಳಿ ಕೊಟ್ಟಿಲ್ಲ. ಅದೇ ನಮ್ಮ ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳನ್ನು ಎಷ್ಟು ಬೈದ್ರೂ, ಓವರ್‌ಟೇಕ್ ಹಾರನ್ ಎಲ್ಲ ಉಂಟು, ಬಿದ್ದ ವಸ್ತುವಿನ ವಿಷಯದಲ್ಲಿ ಕಂಡಕ್ಟರಿಗೆ ಕೊಟ್ರೆ ಅವ್ನು ಸ್ಟ್ಯಾಂಡಲ್ಲಿ ಟೈಮ್ ಕೀಪರಿಗೆ ಹೇಳಿ ಇಡ್ತಾನೆ, ಬೆಳಿಗ್ಗೆ ಅದೇ ಬಸ್ಸು ಅದೇ ಟೈಮಿಗೆ ಬರ್ತದೆ, ಕಳ್ಕೊಂಡವ್ರಿಗೂ ಬಸ್ಸಿನ ಹೆಸರು ಗೊತ್ತಿರ್ತದೆ. 'ರೈಟ್ ಪೋಯಿ' ಅಂತ ಓಡಿಸುವ ಗಡಿಬಿಡಿಯಲ್ಲೂ ಅಷ್ಟು ನಡೀತದೆ. ರೈಲಲ್ಲಾದ್ರೆ 139ಕ್ಕೆ ಫೋನ್ ಮಾಡ್ಬಹುದು, ಇಲ್ಲ ಸ್ಟೇಷನ್ನಿನ ಆರ್‌ಪಿಎಫ್‌ನವ್ರ ಕೈಗೆ ಕೊಡ್ಬಹುದು. ಎಟಿಎಂ ಬಾಯಲ್ಲಿ ಯಾರೋ ಬಿಟ್ಟು ಹೋದ ನೋಟು ಕಂಡ್ರೆ ಮಾತ್ರ ಕಿಸೆಗೆ ಹಾಕ್ಬೇಡಿ ದೇವ್ರೆ, ಮೇಲೆ ಕ್ಯಾಮೆರಾ ಉಂಟು, ಬ್ಯಾಂಕಿನವ್ರಿಗೆ ಹೇಳಿ.

ಗಲ್ಲಾಕ್ಕೆ ಕೊಟ್ರೆ ಅವ್ರೇ ನುಂಗ್ತಾರೆ ಅಂತ ಭಾವ ಹೇಳಿದ್ದಕ್ಕೆ ಒಂದು ಉತ್ತರ ಸಿಕ್ಕಿದೆ. 2019ರಲ್ಲಿ ಪ್ರಕಟ ಆದ ಒಂದು ಪ್ರಯೋಗದಲ್ಲಿ ನಮ್ಮ ದೇಶವೂ ಸೇರಿ 40 ದೇಶದ 355 ಊರಲ್ಲಿ 17 ಸಾವಿರಕ್ಕಿಂತ ಜಾಸ್ತಿ ಪರ್ಸ್ ಕೊಟ್ಟು ನೋಡಿದ್ದಾರೆ. ರಸ್ತೆಯಲ್ಲಿ ಬೀಳಿಸಿದ್ದಲ್ಲ, ಹೋಟೆಲ್, ಬ್ಯಾಂಕ್, ಪೋಸ್ಟಾಫೀಸು ಅಂಥ ಕಡೆ ಕೌಂಟರಲ್ಲಿ ಇರುವವ್ರ ಕೈಗೆ, ಹೊರಗೆ ಸಿಕ್ತು, ನಂಗೆ ಅರ್ಜೆಂಟ್ ಉಂಟು ನೀವು ನೋಡ್ಕೊಳ್ಳಿ ಅಂತ ಕೊಟ್ಟು ಹೋಗುದು. ಆಮೇಲೆ ಎಷ್ಟು ಜನ ಯಜಮಾನನಿಗೆ ತಿಳಿಸ್ತಾರೆ ಅಂತ ಲೆಕ್ಕ. ದುಡ್ಡಿಲ್ಲದ ಪರ್ಸಿಗೆ ನೂರಕ್ಕೆ 40 ಜನ ತಿಳಿಸಿದ್ರು, ದುಡ್ಡಿದ್ದ ಪರ್ಸಿಗೆ 51. ಮೂರು ದೇಶದಲ್ಲಿ ಇನ್ನೂ ದೊಡ್ಡ ಮೊತ್ತ ಇಟ್ಟು ನೋಡಿದ್ರೆ 72ಕ್ಕೆ ಏರಿತು. ದುಡ್ಡು ಜಾಸ್ತಿ ಆದಷ್ಟು ನುಂಗ್ತಾರೆ ಅಂತ ಸುಮಾರು ಜನ ಊಹೆ ಮಾಡಿದ್ದು ಉಲ್ಟಾ ಆಯ್ತು, ಜಾಸ್ತಿ ಇದ್ರೆ ಇಟ್ಕೊಂಡವ್ನಿಗೆ ತಾನೇ ಕಳ್ಳ ಅಂತ ಅನ್ನಿಸ್ಲಿಕ್ಕೆ ಶುರು ಆಗ್ತದೆ. ಪರ್ಸಲ್ಲಿ ಕೀ ಇದ್ರೆ ವಾಪಸ್ ಬರುದು ಜಾಸ್ತಿ ಅಂತಲೂ ಕಂಡಿದ್ದಾರೆ, ಕೀ ಇಂದ ಇಟ್ಕೊಂಡವ್ನಿಗೆ ಎಂತ ಉಪಯೋಗ ಇಲ್ಲ, ಕಳ್ಕೊಂಡವ್ನಿಗೆ ಮಾತ್ರ ನಷ್ಟ. ನಮ್ಮ ದೊಡ್ಡಮ್ಮ ನೋಟು ನೋಡಿದಾಗ ಪಾಪದ ಲೆಕ್ಕ ಹಾಕ್ತಾ ಇದ್ರು, ಆ ಟೋಕನ್ ಚೀಟಿ ನೋಡಿದ್ಮೇಲೆ, ಅಯ್ಯೋ ಯಾರಿಗೆ ಹುಷಾರಿಲ್ವಾ ಏನಾ, ಬೇಗ ಕೊಡು ಅಂತ ಅವ್ರೇ ದೂಡಿದ್ದು.

ಮರುದಿನ ನಾನು ಹೋಟೆಲಿಗೆ ಫೋನ್ ಮಾಡಿದೆ. ಗೋಳಿಬಜೆ ಟೈಮು, ಹಿಂದೆ ಬಾಣಲೆಯ ಶಬ್ದ, ಯಾರೋ ಪಾರ್ಸೆಲ್ ಪಾರ್ಸೆಲ್ ಅಂತ ಬೊಬ್ಬೆ. "ಹಾಂ, ಬಂದ್ರು, ಕೆಂಪು ನೂಲು ಅಂತ ಹೇಳಿದ್ರು, ಕೊಂಡೋದ್ರು" ಅಂತ ಹೇಳಿ ಭಟ್ರು ಇಟ್ಟೇ ಬಿಟ್ರು. ಯಾರು, ಎಲ್ಲಿಯವ್ರು, ಎಂತ ಹೇಳಿದ್ರು ಅಂತ ದೊಡ್ಡಮ್ಮನಿಗೆ ತಿಳಿಯುವ ಆಸೆ ಇತ್ತು, ಸಿಗ್ಲಿಲ್ಲ.

ಹೋಗುವವ್ರಿಗೆ: ಗಲ್ಲಾಕ್ಕೆ ಐದಕ್ಕೆ ನಾಲ್ಕೂವರೆ, ಚೀಟಿ ತಾನಾಗಿ ಕೊಡದ್ದಕ್ಕೆ ಅರ್ಧ ಕಟ್. ಪಾರ್ಕಿಂಗ್ ಇಲ್ಲ, ಮಠದ ಕಡೆ ಎಲ್ಲಾದ್ರೂ ಗಾಡಿ ಇಟ್ಟು ನಡ್ಕೊಂಡು ಬನ್ನಿ. ಮಧ್ಯಾಹ್ನ ಊಟ ಇಲ್ಲ. ಗೋಡೆ ಬದಿಯ ಟೇಬಲಲ್ಲಿ ಕೂತ್ರೆ ಕೊಡೆ, ಪರ್ಸ್ ಎಲ್ಲ ಟೇಬಲ್ ಮೇಲೆ ಇಡಿ, ಆ ಸಂದಿಗೆ ಒಂದು ಹಲಗೆ ಹೊಡೀರಿ ಅಂತ ನಾನು ಹೇಳಿ ಬಂದಿದ್ದೇನೆ, ಹೊಡೆದಿದ್ದಾರಾ ಗೊತ್ತಿಲ್ಲ. ಚಟ್ನಿ ಗಟ್ಟಿ ಮಾಡಿ ಅಂತಲೂ ಹೇಳಿದ್ದೆ, ಅದಕ್ಕೆ ಮಾತ್ರ ಭಟ್ರು ಕೇಳಿಸದ ಹಾಗೆ ಚಿಲ್ಲರೆ ಎಣಿಸ್ತಾ ಇದ್ರು.